ಟಿವಿ ಡಾಂಗಲ್ ಮೋಡ ಹಿಡಿದ ಚರಿತ್ರೆ

ಇವತ್ತಿನ ಟಿಪ್ಪಣಿ ರಾಗಿದೂ ಅಲ್ಲ, ತೆಂಗಿಂದೂ ಅಲ್ಲ. ನಮ್ಮ ತಾರಸಿ ಮೇಲೆ ಪಿವಿಸಿ ಪೈಪಿಗೆ ಎರಡು ಅಲ್ಯೂಮಿನಿಯಂ ಕಡ್ಡಿ ಕಟ್ಟಿರೋದನ್ನ ನೋಡಿ ದಾರೀಲಿ ಹೋಗೋರೆಲ್ಲ "ಇದೇನಣ್ಣ, ಕೋತಿ ಓಡ್ಸಕ್ಕಾ?" ಅಂತ ಕೇಳ್ತಾ ಅವ್ರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಒಂದೇ ಸಲ ಬರೀತಾ ಇದೀನಿ. ಸ್ವಲ್ಪ ಉದ್ದ ಐತೆ. ರಾತ್ರಿ ಊಟ ಆದ್ಮೇಲೆ ಓದಿ.

ಇದು ಶುರುವಾಗಿದ್ದು 2021ರ ನವೆಂಬರ್‌ನಿಂದ. ಆ ಮಳೆ ನಿಮಗೆ ಯಾರಿಗೂ ಮರೆತಿರಲ್ಲ. ರಾಗಿ ಕೊಯ್ದು ಅರಿ ಹಾಕಿ ಬಿಟ್ಟಿದ್ದೆ, ಇನ್ನೆರಡು ದಿನ ಒಣಗಲಿ, ಆಮೇಲೆ ಮೆದೆ ಹಾಕೋಣ ಅಂತ. ಮಳೆ ಹಿಡೀತು. ಕರೆಂಟ್ ಹೋಯ್ತು, ಅದರ ಹಿಂದೆ ಫೋನ್ ಟವರೂ ಹೋಯ್ತು. ನಾಳೆ ಬಿಡುತ್ತಾ ನಾಡಿದ್ದು ಬಿಡುತ್ತಾ ಅಂತ ಆಕಾಶ ನೋಡ್ಕೊಂಡು ಕೂತಿದ್ದೇ ಬಂತು. ಮಳೆ ಬಿಟ್ಟಾಗ ತೆನೆಯಲ್ಲೇ ಹಸಿರು ಮೊಳಕೆ ಬಂದಿತ್ತು. ಆ ವರ್ಷ ಹುಲ್ಲೂ ಸಿಕ್ಕಲಿಲ್ಲ, ಕಪ್ಪಾಗಿ ದನ ಮೂಸಲಿಲ್ಲ.

ಬೆಂಗಳೂರಲ್ಲಿ ಓದ್ತಿದ್ದ ನಮ್ಮ ಅಕ್ಕನ ಮಗನಿಗೆ ಈ ಸಂಕಟ ಹೇಳ್ಕೊಂಡಿದ್ದೆ. ಅವನು ಅದನ್ನ ಮನಸ್ಸಲ್ಲಿ ಇಟ್ಕೊಂಡಿದ್ದ. 2023ರ ದೀಪಾವಳಿಗೆ ಬಂದವನು ಬ್ಯಾಗಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಹಸಿರು ಬೋರ್ಡು, ಒಂದು ಪೆನ್‌ಡ್ರೈವ್ ತರದ್ದು ತೆಗೆದಿಟ್ಟ. "ಮಾವ, ಮೋಡದ ಫೋಟೋನ ಸ್ಯಾಟಲೈಟಿಂದ ನೇರವಾಗಿ ನೀವೇ ಇಳಿಸ್ಕೋಬಹುದು. ಇಂಟರ್ನೆಟ್ ಬೇಡ, ಟವರ್ ಬೇಡ, ದುಡ್ಡೂ ಬೇಡ" ಅಂದ. "ಯಾರಪ್ಪ ಪುಕ್ಸಟ್ಟೆ ಕೊಡ್ತಾರೆ?" ಅಂದೆ. "ಅರವತ್ತು ವರ್ಷದಿಂದ ಕೊಡ್ತಾ ಅವ್ರೆ ಮಾವ" ಅಂದ.

ಅವನು ಹೇಳಿದ್ದು ನಿಜ. 1963ರ ಡಿಸೆಂಬರ್‌ನಲ್ಲಿ ಅಮೆರಿಕದವರು ಟೈರೋಸ್-8 ಅಂತ ಒಂದು ಹವಾಮಾನ ಉಪಗ್ರಹ ಹಾರಿಸಿದರು. ನಮ್ಮ ದೇಶದ ಮೊದಲ ರಾಕೆಟ್ ಕೇರಳದ ತುಂಬಾದಿಂದ ಹಾರಿದ್ದು ಅದರ ಹಿಂದಿನ ತಿಂಗಳು, ನವೆಂಬರ್ 21ಕ್ಕೆ. ಟೈರೋಸ್-8ರಲ್ಲಿ ಒಂದು ಹೊಸ ಏರ್ಪಾಟಿತ್ತು. ತೆಗೆದ ಚಿತ್ರವನ್ನ ಒಳಗೇ ಇಟ್ಕೊಂಡು ಯಜಮಾನರ ದೊಡ್ಡ ಕೇಂದ್ರಕ್ಕೆ ಮಾತ್ರ ಕೊಡೋದಲ್ಲ, ಹಾರ್ತಾ ಹಾರ್ತಾ ಕೆಳಗಿರೋ ಯಾರಿಗೆ ಬೇಕಾದ್ರೂ ಸಿಗೋ ಹಾಗೆ ರೇಡಿಯೋದಲ್ಲಿ ಬಿತ್ತಿಕೊಂಡು ಹೋಗೋದು. ಇದಕ್ಕೆ ಎಪಿಟಿ ಅಂತಾರೆ. ಬಡ ದೇಶಗಳ ಹವಾಮಾನ ಕಚೇರಿಗೂ ಕಡಿಮೆ ಖರ್ಚಿನ ಸಾಮಾನಲ್ಲಿ ತಮ್ಮ ತಲೆ ಮೇಲಿನ ಮೋಡ ಕಾಣಬೇಕು ಅನ್ನೋದು ಅದರ ಉದ್ದೇಶ.

ಆ ವಂಶದಲ್ಲಿ ಕೊನೆಗೆ ಉಳಿದಿದ್ದು ಮೂರು. 1998ರಲ್ಲಿ ಹೋದ ನೋವಾ-15, 2005ರಲ್ಲಿ ಹೋದ ನೋವಾ-18, 2009ರಲ್ಲಿ ಹೋದ ನೋವಾ-19. ಸುಮಾರು 800ರಿಂದ 870 ಕಿಲೋಮೀಟರ್ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ ಸುತ್ತುತ್ತಾ, ನೂರು ನಿಮಿಷದ ಆಸುಪಾಸಿಗೆ ಒಂದು ಸುತ್ತು ಮುಗಿಸ್ತಿದ್ವು. ನಮ್ಮ ತಲೆ ಮೇಲೆ ಹಾಯೋವಾಗ ಜಾಸ್ತಿ ಅಂದ್ರೆ ಕಾಲು ಗಂಟೆ ಸಿಗ್ತಿದ್ವು. 137 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಎರಡು ಗೆರೆ ಚಿತ್ರ ಕಳಿಸ್ತಿದ್ವು. ಕಿವಿಗೆ ಕೇಳಿದ್ರೆ ಹಳೇ ಗಡಿಯಾರದ ಟಿಕ್ ಟಾಕ್, ಅದರ ಜೊತೆಗೊಂದು ಸಿಳ್ಳೆ.

ಇನ್ನು ಅದನ್ನ ಹಿಡಿಯೋ ಸಾಮಾನಿನ ಕಥೆ. ನಮ್ಮ ಕಡೆಯೋರಿಗೆ ರೇಡಿಯೋ ಹೊಸದಲ್ಲ. 1935ರಲ್ಲೇ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ್ರು. ಆಕಾಶವಾಣಿ ಅನ್ನೋ ಹೆಸರು ಬಳಕೆಗೆ ಬಂದಿದ್ದೇ ಆ ಮೈಸೂರು ನಿಲಯದಿಂದ. ನಮ್ಮ ತಾತನ ಕಾಲದಲ್ಲಿ ಮನೇಲಿ ರೇಡಿಯೋ ಇಟ್ಕೊಳ್ಳೋಕೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು. ಆ ಪುಸ್ತಕ ನಮ್ಮ ಅಟ್ಟದ ಪೆಟ್ಟಿಗೇಲಿ ಇವತ್ತಿಗೂ ಐತೆ. ಆ ರೇಡಿಯೋ ಒಂದು ಜರಡಿ ಇದ್ದಂಗೆ. ಒಳಗಿರೋ ಕಾಯಿಲ್ಲು, ಕಂಡೆನ್ಸರು ಎಷ್ಟು ಕಣ್ಣಿನ ಜರಡಿಯೋ ಅಷ್ಟೇ ಕಾಳು ಇಳಿಯೋದು. ಬೇರೆ ಕಾಳು ಬೇಕಂದ್ರೆ ಬೇರೆ ಜರಡಿ ತರಬೇಕು.

1990ರ ದಶಕದ ಶುರುವಿನಲ್ಲಿ ಅಮೆರಿಕದ ಜೋಸೆಫ್ ಮಿಟೋಲಾ ಅನ್ನೋ ಎಂಜಿನಿಯರು ಸಾಫ್ಟ್‌ವೇರ್ ರೇಡಿಯೋ ಅನ್ನೋ ಮಾತನ್ನ ಚಾಲ್ತಿಗೆ ತಂದರು. ಅಂದ್ರೆ ಜರಡಿ ಬೇಡ. ಗಾಳಿಯಲ್ಲಿ ಬಂದಿದ್ದನ್ನೆಲ್ಲ ಹೊಟ್ಟು ಸಮೇತ ಕಣಕ್ಕೆ ಸುರಿದುಬಿಡೋದು, ಅಂದ್ರೆ ಅಂಕಿಗಳಾಗಿ ಕಂಪ್ಯೂಟರಿಗೆ ಕೊಡೋದು. ತೂರೋದು, ಕೇರೋದು ಎಲ್ಲಾ ಲೆಕ್ಕದಲ್ಲೇ. ಎಫ್‌ಎಂ ಬೇಕಾದ್ರೆ ಎಫ್‌ಎಂ ಲೆಕ್ಕ, ಉಪಗ್ರಹ ಬೇಕಾದ್ರೆ ಉಪಗ್ರಹದ ಲೆಕ್ಕ. 2001ರಲ್ಲಿ ಎರಿಕ್ ಬ್ಲಾಸಮ್ ಅನ್ನೋರು ಗ್ನೂ ರೇಡಿಯೋ ಅಂತ ಈ ಲೆಕ್ಕದ ಸಾಫ್ಟ್‌ವೇರ್ ಶುರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಲೆಕ್ಕ ಪುಕ್ಕಟೆ ಸಿಕ್ತು. ಆದರೆ ಗಾಳಿಯಿಂದ ಕಣಕ್ಕೆ ಸುರಿಯೋ ಯಂತ್ರ ಮಾತ್ರ ಪ್ರಯೋಗಶಾಲೆಯವರ ಕೈಗೆ ಎಟುಕೋ ಬೆಲೇಲಿ ಇತ್ತು, ನಮ್ಮಂಥವರ ಕೈಗಲ್ಲ.

ಆ ಬೆಲೆ ಮುರಿದು ಬಿದ್ದಿದ್ದು ಆಕಸ್ಮಿಕವಾಗಿ. ತೈವಾನಿನ ರಿಯಲ್‌ಟೆಕ್ ಕಂಪನಿ ಆರ್‌ಟಿಎಲ್2832ಯು ಅಂತ ಒಂದು ಚಿಪ್ ಮಾಡಿತ್ತು. ಲ್ಯಾಪ್‌ಟಾಪಿಗೆ ಚುಚ್ಚಿ ಡಿಜಿಟಲ್ ಟಿವಿ ನೋಡೋ ಅಗ್ಗದ ಡಾಂಗಲ್‌ಗಳಲ್ಲಿ ಹಾಕ್ತಿದ್ರು. ಟಿವಿ ಜೊತೆಗೆ ಎಫ್‌ಎಂ ಕೂಡ ಕೇಳಿಸಬೇಕಿತ್ತು. ಎಫ್‌ಎಂ ಬಿಡಿಸೋ ಕೆಲಸವನ್ನ ಚಿಪ್ ಒಳಗೆ ಮಾಡೋ ಬದಲು, ಬಂದದ್ದನ್ನ ಹಾಗೇ ಹಸಿಹಸಿಯಾಗಿ ಕಂಪ್ಯೂಟರಿಗೆ ದಾಟಿಸಿ, ನೀನೇ ಬಿಡಿಸ್ಕೋ ಅಂತ ಬಿಟ್ಟಿದ್ರು. ಅದೇ ಹಿಂಬಾಗಿಲು. 2010ರಲ್ಲಿ ಎರಿಕ್ ಫ್ರೈ ಅನ್ನೋರು ಯುಎಸ್‌ಬಿ ತಂತಿಯಲ್ಲಿ ಹರಿಯೋದನ್ನ ಹಿಡಿದು ನೋಡಿ ಇದರ ಸುಳಿವು ಕಂಡರು. 2012ರ ಫೆಬ್ರವರಿಯಲ್ಲಿ ಫಿನ್‌ಲೆಂಡಿನ ಆಂಟಿ ಪಾಲೋಸಾರಿ ಅನ್ನೋ ಪ್ರೋಗ್ರಾಮರು, ಇದು ಹಸಿ ಅಂಕಿ ಕೊಡುತ್ತೆ ಅಂತ ಖಚಿತವಾಗಿ ತೋರಿಸಿದರು. ಓಸ್ಮೋಕಾಮ್ ಗುಂಪಿನ ಸ್ಟೀವ್ ಮಾರ್ಕ್‌ಗ್ರಾಫ್ ಅದಕ್ಕೆ ಸಾಫ್ಟ್‌ವೇರ್ ಬರೆದರು. ಟಿವಿ ಡಾಂಗಲ್ ರಾತ್ರೋರಾತ್ರಿ ಎಲ್ಲಾ ತರದ ರೇಡಿಯೋ ಆಯ್ತು.

ಅದೇ ತಿಂಗಳ ಕೊನೇ ದಿನ, 2012ರ ಫೆಬ್ರವರಿ 29ಕ್ಕೆ, ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮಾರಾಟಕ್ಕೆ ಬಂತು. ಮಕ್ಕಳು ಪ್ರೋಗ್ರಾಮ್ ಬರೆಯೋದು ಕಲೀಲಿ ಅಂತ ಎಬೆನ್ ಅಪ್ಟನ್ ಮತ್ತು ಗೆಳೆಯರು ಮಾಡಿದ್ದು. ಒಂದು ಟಿವಿಗೆ ಅಂತ ಹುಟ್ಟಿದ್ದು, ಇನ್ನೊಂದು ಶಾಲೆ ಮಕ್ಕಳಿಗೆ ಅಂತ ಹುಟ್ಟಿದ್ದು. ಎರಡೂ ಸೇರಿ ನಮ್ಮನೆ ತಾರಸಿ ಹತ್ತಿದ್ವು. ಎತ್ತು ಒಂದೂರಿಂದ, ಗಾಡಿ ಒಂದೂರಿಂದ ತಂದಂಗೆ. ನೊಗಕ್ಕೆ ಹೊಂದೋತನಕ ಸ್ವಲ್ಪ ಎಗರಾಟ ಇದ್ದೇ ಇರುತ್ತೆ. ನಾನು ಪಟ್ಟ ಪಾಡೆಲ್ಲ ಆ ಎಗರಾಟದ್ದೇ.

ಹುಡುಗ ಎಲ್ಲಾ ಜೋಡಿಸಿ, ಹೇಳಿಕೊಟ್ಟು, ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟು ಹೋದ. ಅವನು ಹೋದ ಮಾರನೇ ದಿನ ಕರೆಂಟ್ ಹೋಗಿ ಬಂತು. ಬೋರ್ಡ್ ಮತ್ತೆ ಶುರುವಾಯ್ತು. ಡಾಂಗಲ್ ಸರಿ ಐತಾ ಅಂತ ನೋಡೋಕೆ ಆರ್‌ಟಿಎಲ್ ಟೆಸ್ಟ್ ಅಂತ ಒಂದು ಕಮಾಂಡ್ ಐತೆ. ಅದನ್ನ ಹೊಡೆದರೆ "ಯುಎಸ್‌ಬಿ ಕ್ಲೈಮ್ ಇಂಟರ್‌ಫೇಸ್ ಎರರ್ ಮೈನಸ್ 6" ಅಂತು. ಹತ್ತು ಸಲ ಹೊಡೆದೆ, ಹತ್ತು ಸಲವೂ ಮೈನಸ್ 6. ಕರೆಂಟಿಗೆ ಡಾಂಗಲ್ ಸುಟ್ಟೋಯ್ತು ಅಂತ ತೀರ್ಮಾನ ಮಾಡಿ, ಯಾರನ್ನೂ ಕೇಳದೆ, ಹೊಸ ಮಾಡೆಲ್‌ದು ಇನ್ನೊಂದು ತರಿಸಿದೆ. ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ರಾಗಿ ದುಡ್ಡು. ಆ ವರ್ಷದ ಬೆಂಬಲ ಬೆಲೆ 3,846 ರೂಪಾಯಿ. ಮನೇಲಿ ಏನಂದ್ರು ಅಂತ ಇಲ್ಲಿ ಬರೆಯಲ್ಲ.

ಹೊಸದನ್ನ ಚುಚ್ಚಿದೆ. ಮತ್ತೆ ಮೈನಸ್ 6. ಆಗ ಬುದ್ಧಿ ಬಂತು. ಎರಡು ಹಸು ಒಂದೇ ದಿನ ಹಾಲು ಕಮ್ಮಿ ಕೊಟ್ರೆ ಹಸುಗೆ ಕಾಯಿಲೆ ಅಲ್ಲ, ಮೇವಲ್ಲಿ ಏನೋ ಐತೆ. ಹುಡುಗನಿಗೆ ಫೋನ್ ಮಾಡಿದೆ. "ಮಾವ, ಅದು ಕೆಟ್ಟಿಲ್ಲ. ಅದನ್ನ ಬೇರೆಯವರು ಹಿಡ್ಕೊಂಡವ್ರೆ" ಅಂದ.

ಏನಾಗಿತ್ತು ಅಂದ್ರೆ, ಬೋರ್ಡಿನ ಒಳಗಿರೋ ಲಿನಕ್ಸ್‌ಗೆ ಈ ಡಾಂಗಲ್ ಟಿವಿದು ಅಂತ ಗೊತ್ತು. ಹುಟ್ಟಿದ್ದೇ ಟಿವಿಗೆ ತಾನೆ? ಚುಚ್ಚಿದ ತಕ್ಷಣ ಟಿವಿ ಡ್ರೈವರ್ ಓಡಿ ಬಂದು ಹಿಡ್ಕೊಳ್ಳುತ್ತೆ. ಆಮೇಲೆ ನಮ್ಮ ರೇಡಿಯೋ ಪ್ರೋಗ್ರಾಮ್ ಹೋಗಿ ಕೇಳಿದ್ರೆ ಬೇರೆಯವರು ಬಳಸ್ತಾ ಅವ್ರೆ ಅಂತ ಉತ್ತರ. ಮೈನಸ್ 6 ಅಂದ್ರೆ ಅಷ್ಟೇ ಅರ್ಥ. ಇಲ್ಲೊಂದು ತಮಾಷೆ ನೋಡಿ. ಆ ಟಿವಿ ಡ್ರೈವರ್ ಬರೆಯೋಕೆ ಶುರು ಮಾಡಿದ್ದೂ ಅದೇ ಆಂಟಿ ಪಾಲೋಸಾರಿ. ಮುಂಬಾಗಿಲಿಗೆ ಚಿಲಕ ಹಾಕಿದವರೂ ಅವರೇ, ಹಿಂಬಾಗಿಲು ತೋರಿಸಿದವರೂ ಅವರೇ. ಇದರಲ್ಲಿ ಯಾರ ತಪ್ಪೂ ಇಲ್ಲ. ಟಿವಿ ನೋಡೋರಿಗೆ ಅದು ಬೇಕೇ ಬೇಕು. ನಮಗೆ ಬೇಡ, ಅಷ್ಟೇ. ಅದರ ಹೆಸರನ್ನ ಬ್ಲ್ಯಾಕ್‌ಲಿಸ್ಟ್ ಫೈಲಿನಲ್ಲಿ ಒಂದು ಸಾಲು ಬರೆದು, ಬೋರ್ಡ್ ಆಫ್ ಮಾಡಿ ಆನ್ ಮಾಡಿದ್ರೆ ಮುಗೀತು. ಹುಡುಗ ಇದ್ದಾಗ ಡ್ರೈವರನ್ನ ಕೈಯಲ್ಲಿ ತೆಗೆದಿದ್ದ. ಫೈಲಿಗೆ ಬರೆದಿರಲಿಲ್ಲ. ಕರೆಂಟ್ ಹೋಗಿ ಬಂದಾಗ ಅದು ಮತ್ತೆ ಬಂದು ಕೂತಿತ್ತು.

ಎರಡನೇ ತೊಂದರೆ ಇನ್ನೂ ವಿಚಿತ್ರ. ಹಳೇ ಡಾಂಗಲ್‌ನಲ್ಲಿ ಹಾಸನ ಆಕಾಶವಾಣಿ 102.2 ಗಣಗಣ ಅಂತ ಬಂತು. ದುಡ್ಡು ಕೊಟ್ಟು ತಂದ ಹೊಸದರಲ್ಲಿ ಬರೀ ಸುಯ್ ಅಂತ ಶಬ್ದ. ಟೆಸ್ಟ್ ಮಾಡಿದ್ರೆ ಎಲ್ಲಾ ಸರಿ ಅನ್ನುತ್ತೆ. ಎರರ್ ಇಲ್ಲದ ತೊಂದರೆ ಹುಡುಕೋದು ಬಲು ಕಷ್ಟ. ಇದಕ್ಕೂ ಚರಿತ್ರೆ ಐತೆ. ಈ ಡಾಂಗಲ್‌ಗಳಲ್ಲಿ ಎರಡು ಚಿಪ್. ಒಂದು ಆಗ ಹೇಳಿದ ರಿಯಲ್‌ಟೆಕ್. ಅದರ ಮುಂದೆ ಸ್ಟೇಷನ್ ಹಿಡಿಯೋ ಟ್ಯೂನರ್ ಚಿಪ್. ಶುರುವಿನಲ್ಲಿ ಎಲಾನಿಕ್ಸ್ ಅನ್ನೋ ಸ್ಕಾಟ್‌ಲೆಂಡ್ ಕಂಪನಿಯ ಇ4000 ಟ್ಯೂನರ್ ಇತ್ತು. ಆ ಕಂಪನಿ ಮುಚ್ಚಿತು. ಆಮೇಲೆ ತೈವಾನಿನ ರಫೇಲ್ ಮೈಕ್ರೋದ ಆರ್820ಟಿ ಬಂತು. ಅದೂ ಸಿಗೋದು ಕಮ್ಮಿ ಆದಾಗ 2023ರ ಹೊಸ ಮಾಡೆಲ್‌ನಲ್ಲಿ ಅದೇ ಮನೆತನದ ಆರ್828ಡಿ ಹಾಕಿದರು. ಇದಕ್ಕೆ ಒಂದರ ಬದಲು ಮೂರು ಬಾಯಿ. ಯಾವಾಗ ಯಾವ ಬಾಯಿ ತೆಗೀಬೇಕು ಅನ್ನೋದು ಹೊಸ ಸಾಫ್ಟ್‌ವೇರಿಗೆ ಮಾತ್ರ ಗೊತ್ತು. ನನ್ನ ಬೋರ್ಡಿನಲ್ಲಿದ್ದದ್ದು ಹಳೇ ಸಾಫ್ಟ್‌ವೇರು. ಹಾಗಾಗಿ ಕಿವಿ ಮುಚ್ಚಿದ ಕಡೆ ಕೂತು ಕೇಳ್ತಾ ಇತ್ತು. ಹಳೇದನ್ನ ಪೂರ್ತಿ ತೆಗೆದು, ಆ ಮಾಡೆಲಿಗೆ ಅಂತಲೇ ಇರೋ ಹೊಸದನ್ನ ಹಾಕಿದ ಮೇಲೆ ಹಾಸನ ಬಂತು. ಹಳೇದರ ಮೇಲೇ ಹೊಸದು ಹಾಕಿದ್ರೆ ಆಗಲ್ಲ. ಪ್ರೋಗ್ರಾಮ್ ಹೋಗಿ ಹಳೇದನ್ನೇ ಎತ್ಕೊಳ್ಳುತ್ತೆ. ಇದಕ್ಕೇ ನನಗೆ ಎರಡು ರಾತ್ರಿ ಹೋಯ್ತು.

ಮೂರನೇದು ನಮಗೆಲ್ಲ ಚೆನ್ನಾಗಿ ಗೊತ್ತಿರೋ ಕಾಯಿಲೆ, ವೋಲ್ಟೇಜು. ಎಲ್ಲಾ ಸರಿಯಾಗಿ ನಡೀತಾ, ಉಪಗ್ರಹ ನಡುನೆತ್ತಿಗೆ ಬರೋ ಹೊತ್ತಿಗೆ ಬೋರ್ಡ್ ನಿಂತುಬಿಡೋದು. 2012ರ ಮೊದಮೊದಲ ರಾಸ್ಪ್‌ಬೆರಿ ಪೈಗಳಲ್ಲಿ ಯುಎಸ್‌ಬಿ ತೂತಿಗೆ 140 ಮಿಲಿಆಂಪ್ ಫ್ಯೂಸ್ ಇತ್ತಂತೆ. ಡಾಂಗಲ್ ಎಳೆಯೋದು 300 ಮಿಲಿಆಂಪ್ ಹತ್ತಿರ. ಬಿಡಿಯಾಗಿ ಚುಚ್ಚಿದ್ರೆ ಓಡೋದೇ ಕಷ್ಟ, ಬೇರೆ ಕರೆಂಟ್ ಇರೋ ಹಬ್ ಬೇಕಿತ್ತು. ಆಮೇಲೆ ಆ ಫ್ಯೂಸ್ ತೆಗೆದರು. ನನ್ನದು ಪೈ 3, ಬೋರ್ಡಿನದೇನೂ ತಪ್ಪಿಲ್ಲ. ತಪ್ಪು ನಂದು. ಹಳೇ ಫೋನಿನ ಚಾರ್ಜರು, ಎರಡು ಮೀಟರ್ ಸಣ್ಣ ವೈರು ಹಾಕಿದ್ದೆ. ಬೋರಿಗೆ ತೆಳ್ಳಗಿನ ಸರ್ವಿಸ್ ವೈರು ಉದ್ದಕ್ಕೆ ಎಳೆದರೆ ಸ್ಟಾರ್ಟರ್ ಹತ್ರ ವೋಲ್ಟೇಜ್ ಇರುತ್ತೆ, ಮೋಟರ್ ಹತ್ರ ಇರಲ್ಲ. ಇಲ್ಲೂ ಅದೇ. 4.63 ವೋಲ್ಟಿಗಿಂತ ಇಳಿದರೆ ಬೋರ್ಡು ಪರದೆ ಮೂಲೇಲಿ ಮಿಂಚಿನ ಗುರುತು ತೋರಿಸುತ್ತೆ. ನಾನು ಪರದೆ ಇಲ್ಲದೆ ನಡೆಸ್ತಿದ್ದೆ, ಕಾಣಲಿಲ್ಲ. 5.1 ವೋಲ್ಟ್, 2.5 ಆಂಪ್ ಇರೋ ಸರಿಯಾದ ಅಡಾಪ್ಟರ್, ಗಿಡ್ಡನೆ ದಪ್ಪ ವೈರು ಹಾಕಿದೆ. ಅಲ್ಲಿಂದ ಇಲ್ಲಿತನಕ ಒಂದು ದಿನ ನಿಂತಿಲ್ಲ.

ನಾಲ್ಕನೇದು ಕಾವು. ಡಾಂಗಲ್ ಒಳಗೆ 28.8 ಮೆಗಾಹರ್ಟ್ಸ್‌ನ ಒಂದು ಹರಳು ತಾಳ ಹಾಕ್ತಾ ಇರುತ್ತೆ. ಟಿವಿಗೆ ಅಂತ ಮಾಡಿದ ಅಗ್ಗದ ಹರಳು, ಬಿಸಿ ಆದಂಗೆಲ್ಲ ತಾಳ ಜಾರುತ್ತೆ. ಟಿವಿ ಅದನ್ನ ತಾನೇ ಸರಿ ಮಾಡ್ಕೊಳ್ಳುತ್ತೆ, ಚಿಂತೆ ಇಲ್ಲ. ಆದರೆ ಹತ್ತು ಲಕ್ಷಕ್ಕೆ 50 ತಪ್ಪಿದರೆ 137 ಮೆಗಾಹರ್ಟ್ಸ್‌ನಲ್ಲಿ 7 ಕಿಲೋಹರ್ಟ್ಸ್ ಹತ್ತಿರ ಪಕ್ಕಕ್ಕೆ ಹೋಗುತ್ತೆ. ಚಿತ್ರದ ಸಿಗ್ನಲ್ಲೇ 40 ಕಿಲೋಹರ್ಟ್ಸ್ ಒಳಗೆ ಇರೋದು. ಬದುವಿನ ಅಂಚಲ್ಲಿ ನೇಗಿಲು ಹೊಡೆದಂಗೆ, ಒಂದು ಕಡೆ ಸಾಲು ತಪ್ಪುತ್ತೆ. ಹಳೇ ಡಾಂಗಲ್ ಬಳಸೋದಾದ್ರೆ ಅರ್ಧ ಗಂಟೆ ಮುಂಚೆ ಆನ್ ಮಾಡಿ ಬಿಟ್ಟರೆ ಕಾವು ಒಂದು ಹದಕ್ಕೆ ನಿಲ್ಲುತ್ತೆ. ಹೊಸದರಲ್ಲಿ ಕಾವಿಗೆ ಜಾರದ ಹರಳು ಹಾಕಿದಾರೆ, ಈ ಕಾಟ ಇಲ್ಲ.

ಐದನೇದನ್ನ ನೀವು ಗಮನ ಇಟ್ಟು ಓದಿ, ಯಾಕಂದ್ರೆ ಇದರಿಂದ ಬೇಲಿಗೂ ಉಪಯೋಗ ಆಯ್ತು. ಚಿತ್ರ ಬರೋಕೆ ಶುರುವಾಯ್ತು. ಆದರೆ ಉದ್ದಕ್ಕೂ ಬಿಳೀ ಚುಕ್ಕಿ. ಲೆಕ್ಕ ಹಾಕಿದ್ರೆ ಹೆಚ್ಚುಕಡಿಮೆ ಎರಡು ಗೆರೆಗೊಂದು. ಸೆಕೆಂಡಿಗೆ ಎರಡು ಗೆರೆ ಅಂದ್ಮೇಲೆ, ಸೆಕೆಂಡಿಗೊಂದು ಸಲ ಏನೋ ಚಟ್ ಅಂತಾ ಐತೆ. ಮನೇಲಿ ಒಂದೊಂದೇ ಆಫ್ ಮಾಡ್ತಾ ಬಂದೆ. ಎಲ್‌ಇಡಿ ಬಲ್ಬು, ಫ್ರಿಜ್ಜು, ಯುಪಿಎಸ್ಸು. ಹೋಗಲಿಲ್ಲ. ಸೆಕೆಂಡಿಗೊಂದು ಸಲ ಹೊಡೆಯೋದು ನಮ್ಮನೇಲಿ ಇನ್ನೇನೈತೆ ಅಂತ ಯೋಚಿಸ್ತಾ ಹಿತ್ತಲಿಗೆ ಹೋದಾಗ ಹೊಳೀತು, ಹಂದಿಗೆ ಹಾಕಿರೋ ಸೋಲಾರ್ ಬೇಲಿ. ಆಫ್ ಮಾಡಿದೆ, ಚುಕ್ಕಿ ಮಾಯ. ಬೇಲಿ ಉದ್ದಕ್ಕೂ ಕತ್ತಲಲ್ಲಿ ನಡೆದು ನೋಡಿದ್ರೆ ಮೂಲೇಲಿ ಲಂಟಾನ ಬೆಳೆದು ತಂತಿಗೆ ತಾಗಿ ಕಿಡಿ ಹಾರ್ತಿತ್ತು. ಹಂದಿ ನುಗ್ತಾ ಇದ್ದದ್ದೂ ಅದೇ ಮೂಲೇಲಿ. ಲಂಟಾನ ಸವರಿದೆ, ಆಂಟೆನಾನ ತಾರಸಿಯ ಈ ಕಡೆಗೆ ತಂದೆ. ಚಿತ್ರವೂ ಶುದ್ಧ ಆಯ್ತು, ಹಂದಿಯೂ ನಿಂತಿತು. ಎಷ್ಟು ದಿನದಿಂದ ಬೇಲಿ ಸೋರ್ತಾ ಇತ್ತೋ, ರೇಡಿಯೋ ಹೇಳೋತನಕ ನನಗೆ ಗೊತ್ತಾಗಿರಲಿಲ್ಲ.

ಆಂಟೆನಾ ಅಳತೆ ಕೇಳಿದವರಿಗೆ: ಎರಡು ಕಡ್ಡಿ, ಒಂದೊಂದು 53.4 ಸೆಂಟಿಮೀಟರ್, ನಡುವೆ 120 ಡಿಗ್ರಿ ಕೋನ, ನೆಲಕ್ಕೆ ಸಮನಾಗಿ ಮಲಗಿಸಿ, ಉತ್ತರ ದಕ್ಷಿಣಕ್ಕೆ ಮುಖ ಮಾಡಬೇಕು. ಡ್ರಿಪ್ ಮಾಡಿಸಿದಾಗ ಉಳಿದಿದ್ದ ಪೈಪೇ ಸಾಕಾಯ್ತು. ಇನ್ನೊಂದು ಮಾತು. ಇದರಲ್ಲಿ ಬೇರೆಯವರ ಮಾತುಕತೆ ಹುಡುಕೋಕೆ ಹೋಗಬೇಡಿ. ಅದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ.

ಇದರಿಂದ ಏನಾಯ್ತು ಅಂತ ಕೇಳ್ತೀರಿ. 2024ರ ನವೆಂಬರ್ ಕೊನೇ ವಾರ. ಮತ್ತೆ ರಾಗಿ ಕೊಯ್ಲು. ಅರ್ಧ ಕೊಯ್ದು ಅರಿ ಹಾಕಿದ್ದೆ. ಬೆಳಗ್ಗೆ ಇಳಿಸಿದ ಚಿತ್ರದಲ್ಲಿ ಶ್ರೀಲಂಕಾ ಪಕ್ಕದಿಂದ ಬಂಗಾಳಕೊಲ್ಲಿ ತುಂಬ ಬೆಳ್ಳಗೆ ಒಂದು ದೊಡ್ಡ ಗುಡ್ಡೆ. ಮಾರನೇ ದಿನ ಅದು ಇನ್ನೂ ಈ ಕಡೆಗೆ. ಹವಾಮಾನ ಇಲಾಖೆಯವರೂ ಫೆಂಗಲ್ ಚಂಡಮಾರುತ ಅಂತ ಹೇಳ್ತಾನೇ ಇದ್ರು. ನಾನೇ ಕಂಡುಹಿಡಿದೆ ಅಂತ ಕೊಚ್ಕೊಳ್ಳಲ್ಲ. ಒಂದು ಚಿತ್ರ ನೋಡಿ ಮಳೆ ಹೇಳೋ ವಿದ್ಯೆ ನನಗಿಲ್ಲ. ಆದರೆ ಫೋನಲ್ಲಿ ದಿನಾ ಒಂದು ಅಲರ್ಟ್ ಬಂದು ಬಂದು ನಮಗೆ ಅದು ಕಿವಿಗೆ ಬೀಳೋದು ನಿಂತುಹೋಗಿರುತ್ತೆ. ನಮ್ಮ ತಾರಸಿ ಮೇಲೆ ಇಳಿದ ಚಿತ್ರವನ್ನ ಎಂಬತ್ತು ದಾಟಿದ ನಮ್ಮಮ್ಮನಿಗೆ ತೋರಿಸಿದೆ. ಕಣ್ಣು ಸಣ್ಣ ಮಾಡಿ ನೋಡಿ, "ಇಷ್ಟು ದೊಡ್ಡ ಮೋಡ ಇಟ್ಕೊಂಡು ಇನ್ನೂ ಯಾಕೋ ಕೂತಿದೀಯ?" ಅಂದ್ರು. ಅವತ್ತೇ ಆಳು ಕರೆದು, ಅರಿ ಎಲ್ಲಾ ಎತ್ತಿ ಮೆದೆ ಹಾಕಿ ಟಾರ್ಪಾಲು ಮುಚ್ಚಿದ್ವಿ. ಉಳಿದದ್ದನ್ನ ಕೊಯ್ಯಲಿಲ್ಲ. ನವೆಂಬರ್ 30ರ ರಾತ್ರಿ ಫೆಂಗಲ್ ಪುದುಚೇರಿ ಹತ್ರ ದಡ ಹತ್ತಿತು, ಡಿಸೆಂಬರ್ ಮೊದಲೆರಡು ದಿನ ನಮ್ಮ ಕಡೆಗೂ ಮಳೆ ಬಂತು. ನಿಂತಿದ್ದ ರಾಗಿ ಸ್ವಲ್ಪ ಮಲಗಿತು. ಮೆದೆಯಲ್ಲಿದ್ದದ್ದು ಒಣಗೇ ಇತ್ತು.

ಇನ್ನು ಕೊನೇ ತೊಂದರೆ. 2025ರ ಜೂನ್‌ನಲ್ಲಿ ನೋವಾ-18 ಸಿಗೋದು ನಿಂತಿತು. ಮುಂಗಾರಿನ ಗಲಾಟೇಲಿ ನಾನು ತಲೆಕೆಡಿಸಿಕೊಳ್ಳಲಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಕೂತರೆ ಯಾವುದೂ ಇಲ್ಲ. ಟಿಕ್ ಟಾಕ್ ಇಲ್ಲ, ಸಿಳ್ಳೆ ಇಲ್ಲ. ನಾನು ಕಲಿತಿದ್ದನ್ನೆಲ್ಲ ಒಂದೊಂದಾಗಿ ಮಾಡಿದೆ. ಬ್ಲ್ಯಾಕ್‌ಲಿಸ್ಟ್ ನೋಡಿದೆ, ಸರಿ ಐತೆ. ಸಾಫ್ಟ್‌ವೇರ್ ನೋಡಿದೆ, ಸರಿ ಐತೆ. ವೋಲ್ಟೇಜ್ ಸರಿ. ಬೇಲಿ ಆಫ್ ಮಾಡಿದೆ. ಹಾಸನ ಸ್ಟೇಷನ್ ಗಣಗಣ ಅಂತ ಬರ್ತಾ ಐತೆ. ಕಡ್ಡಿ ಬಿಚ್ಚಿ ತುಕ್ಕು ಉಜ್ಜಿದೆ. ಮೂರು ದಿನ ತಾರಸಿ ಮೇಲೇ ಇದ್ದೆ. ಮಳೆ ಹನೀತಾ ಇತ್ತು, ಮನೆಯವಳು ಕೆಳಗಿಂದ ಕೂಗ್ತಾ ಇದ್ಲು. ಕೊನೆಗೆ ಹುಡುಗನಿಗೆ ಫೋನ್ ಮಾಡಿದೆ.

"ಮಾವ, ನಿಮ್ಮದೆಲ್ಲಾ ಸರಿ ಐತೆ. ಅವರೇ ಆಫ್ ಮಾಡಿದ್ರು" ಅಂದ.

ನೋವಾ-18 ಜೂನ್ 6ಕ್ಕೆ, ನೋವಾ-19 ಆಗಸ್ಟ್ 13ಕ್ಕೆ, ಎಲ್ಲಕ್ಕಿಂತ ಹಿರಿಯ ನೋವಾ-15 ಆಗಸ್ಟ್ 19ಕ್ಕೆ. ವಯಸ್ಸಾಗಿತ್ತು, ಒಂದರ ರೇಡಿಯೋ ಕೆಟ್ಟಿತು, ಒಂದರ ಬ್ಯಾಟರಿ ಹೋಯ್ತು. ಎರಡು ವರ್ಷಕ್ಕೆ ಅಂತ ಕಳಿಸಿದ್ದ ನೋವಾ-15 ಇಪ್ಪತ್ತೇಳು ವರ್ಷ ದುಡಿದಿತ್ತು. 1963ರಲ್ಲಿ ಶುರುವಾದ ಆ ಟಿಕ್ ಟಾಕ್ ಅಲ್ಲಿಗೆ ಮುಗೀತು. ಇಲ್ಲಿ ನಾನು ನನ್ನ ಕಡ್ಡಿ ಉಜ್ತಾ ಕೂತಿದ್ದೆ.

ಅವತ್ತು ರಾತ್ರಿ ಊಟ ಸೇರಲಿಲ್ಲ. ಸಾಮಾನಿಗೆ ಹಾಕಿದ ದುಡ್ಡಿಗಲ್ಲ. ಯಾವುದೋ ದೇಶದವರು ಹಾರಿಸಿದ್ದು, ನನ್ನ ಹೆಸರು ಕೇಳದೆ, ನಂಬರ್ ಕೇಳದೆ, ಒಟಿಪಿ ಕೇಳದೆ, ದಿನಾ ಬಂದು ನನ್ನ ಹೊಲದ ಮೇಲಿನ ಮೋಡ ತೋರಿಸಿ ಹೋಗ್ತಿತ್ತು. ಹಾಗೆ ಕೊಡೋರು ಈಗ ಎಷ್ಟು ಜನ ಅವ್ರೆ?

ಸದ್ಯಕ್ಕೆ ದಾರಿ ಮುಚ್ಚಿಲ್ಲ. ರಷ್ಯಾದವರ ಮೆಟಿಯೋರ್ ಉಪಗ್ರಹಗಳು ಅದೇ 137 ಮೆಗಾಹರ್ಟ್ಸ್‌ನಲ್ಲಿ ಇನ್ನೂ ಕೊಡ್ತಾ ಇವೆ. ಅದರಲ್ಲಿ ಎಂ2-4 ಹಾರಿದ್ದು 2024ರ ಫೆಬ್ರವರಿ 29ಕ್ಕೆ. ರಾಸ್ಪ್‌ಬೆರಿ ಪೈ ಹುಟ್ಟಿದ ದಿನವೇ, ಹನ್ನೆರಡು ವರ್ಷ ಆದ್ಮೇಲೆ. ಅದೇ ಕಡ್ಡಿ, ಅದೇ ಡಾಂಗಲ್ ಸಾಕು. ಆದರೆ ಇದು ಡಿಜಿಟಲ್. ನೋವಾ ನಮ್ಮೂರ ಮುದುಕರಂಗೆ, ಕೆಮ್ಮುತ್ತಾ ಉಗುಳ್ತಾ ಆದ್ರೂ ಅರ್ಧಂಬರ್ಧ ವಿಷಯ ಹೇಳ್ತಿತ್ತು. ಇದು ಹೇಳಿದರೆ ಪೂರ್ತಿ ಸ್ಪಷ್ಟವಾಗಿ, ಸಿಗ್ನಲ್ ಸ್ವಲ್ಪ ಕಮ್ಮಿ ಆದರೆ ಬಾಯೇ ಬಿಡಲ್ಲ. ಮೊದಲ ವಾರ ನನಗೆ ಚಿತ್ರದ ನಡುವೆ ಕಪ್ಪು ಪಟ್ಟಿ ಬರ್ತಿತ್ತು. ಕಾರಣ ಮತ್ತೆ ಹಳೇದೇ. ನನ್ನ ಪೈ 3ರಲ್ಲಿ ಯುಎಸ್‌ಬಿಗೂ ನೆಟ್‌ವರ್ಕ್ ವೈರಿಗೂ ಒಂದೇ ಕಾಲುವೆ. 2019ರ ಪೈ 4ರಿಂದ ಬೇರೆ ಬೇರೆ ಮಾಡಿದಾರೆ. ಒಂದೇ ಕಾಲುವೇಲಿ ಎರಡು ಹೊಲಕ್ಕೆ ನೀರು ಬಿಟ್ಟರೆ ಒಂದು ಕಡೆ ಒಡೆಯುತ್ತೆ. ಡಾಂಗಲ್‌ಗೆ ಸೆಕೆಂಡಿಗೆ 24 ಲಕ್ಷ ಅಂಕಿ ಕೊಡು ಅಂತ ಹೇಳಿದ್ದನ್ನ 10 ಲಕ್ಷ ಚಿಲ್ಲರೆಗೆ ಇಳಿಸಿದೆ, ಚಿತ್ರ ಇಳಿಸೋವಾಗ ನೆಟ್‌ವರ್ಕ್ ವೈರ್ ಕಿತ್ತಿಟ್ಟೆ. ಪಟ್ಟಿ ಹೋಯ್ತು.

ಯಾರಾದ್ರೂ ಇದನ್ನ ಮಾಡ್ತೀನಿ ಅಂತ ಹೊರಟರೆ ನಾನು ತಿಂದ ಪೆಟ್ಟಿಂದ ಎರಡೇ ಮಾತು. ಸಾಮಾನು ಹಟ ಮಾಡಿದಾಗ, ಇದು ಮೊದಲು ಯಾತಕ್ಕೆ ಅಂತ ಹುಟ್ಟಿತ್ತು ಅಂತ ಕೇಳ್ಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಟಿವಿಗೆ ಹುಟ್ಟಿದ್ದು ಟಿವಿ ಕಡೆ ಎಳೆಯುತ್ತೆ, ಮಕ್ಕಳಿಗೆ ಹುಟ್ಟಿದ್ದು ಭಾರ ಹೊರೋಕೆ ಕಷ್ಟಪಡುತ್ತೆ. ಎರಡನೇದು, ಮೂರು ದಿನ ತಾರಸಿ ಮೇಲೆ ಕೂರೋ ಮುಂಚೆ ಒಂದು ಫೋನ್ ಮಾಡಿ ಕೇಳಿ. ತಪ್ಪು ನಿಮ್ಮದೇ ಆಗಿರಬೇಕು ಅಂತಿಲ್ಲ.

ಹಳೇ ಡಾಂಗಲ್ ಒಂದು ನನ್ನ ಹತ್ರ ಸುಮ್ಮನೆ ಬಿದ್ದೈತೆ. ಅದಕ್ಕೆ ಏನೂ ಆಗಿಲ್ಲ. ಶಾಲೆ ಮಕ್ಕಳಿರೋ ಮನೆಯವರು ಯಾರಾದ್ರೂ ಬಂದು ತಗೊಂಡು ಹೋಗಿ. ಬರೋವಾಗ ಎರಡು ಮೀಟರ್ ಸಣ್ಣ ಚಾರ್ಜರ್ ವೈರು ಮಾತ್ರ ತರಬೇಡಿ.

ಈ ಸಲದ ರಾಗಿ ಕೊಯ್ಲಿಗೆ ಬೆಳಗಿನ ಚಿತ್ರ ನಮ್ಮ ಜಗಲಿ ಮೇಲೆ ಇಟ್ಟಿರ್ತೀನಿ. ಹಾಲು ಹಾಕೋಕೆ ಹೋಗೋವಾಗ ನೋಡ್ಕೊಂಡು ಹೋಗಿ.